ಬಣ್ಣ ಬಿಡಿ, ಡಬ್ಬಿ ಹಿಂದೆ ಏನಿದೆ ಓದಿ: ಡೀಸೆಲ್ ಗಾಡಿಗೆ ಯಾವ ಕೂಲಂಟ್?

ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಯಾರದಾದರೂ ಮನೆಗೆ ಹೋದರೆ ಬಚ್ಚಲಲ್ಲಿ ನೇತುಹಾಕಿರುವ ನೀರು ಕಾಯಿಸುವ ಕಾಯಿಲ್ ಒಮ್ಮೆ ನೋಡಿ. ಬೋರ್ ನೀರು ಬಳಸುವ ಮನೆಯಾದರೆ ಅದರ ಮೈತುಂಬ ಬಿಳಿ ಪೊರೆ ಕಟ್ಟಿರುತ್ತದೆ. ಉಗುರಿನಿಂದ ಕೆರೆದರೆ ಗೋಡೆಯ ಸುಣ್ಣದ ಹಾಗೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಅಲ್ಲಿನ ನೆಲದಡಿ ಇರುವುದೇ ಸುಣ್ಣಕಲ್ಲು. ನಮ್ಮ ಮನೆಗಳ ನೆಲಕ್ಕೆ ಹಾಸುವ ಪರ್ಸಿ ಬಂದದ್ದು ಅಲ್ಲಿಂದ. ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳು ಕೂತಿರುವುದೂ ಆ ಕಲ್ಲಿನ ಮೇಲೇ. ಕಲಬುರಗಿ ಪಟ್ಟಣದ ಕೆಳಗೆ ಇರುವುದು ಕರಿಕಲ್ಲು, ಆದರೆ ಅಲ್ಲಿನ ಬೋರ್ ನೀರೂ ಗಡಸುತನದಲ್ಲಿ ಹಿಂದೆ ಬಿದ್ದಿಲ್ಲ.

ಅದೇ ನೀರನ್ನು ನಾವು ಬಾಟಲಿಯಲ್ಲಿ ಹಿಡಿದು ರೇಡಿಯೇಟರಿಗೆ ಸುರಿಯುತ್ತೇವೆ.

ನಮ್ಮ ಕಾಕಾ ಹೀಗೆ ಏಳೆಂಟು ವರ್ಷ ಸುರಿದರು. ಅವರದು ಹಳೇ ಟ್ರಾಕ್ಟರ್. ಮೊದಮೊದಲು ಬರೀ ನೀರು. ಆಮೇಲೆ ಯಾರೋ ಹೇಳಿದರು ಅಂತ ಹಸಿರು ಬಣ್ಣದ ಒಂದು ಲೀಟರ್ ಡಬ್ಬಿ ತಂದು, ಉಳಿದದ್ದಕ್ಕೆಲ್ಲ ಬೋರ್ ನೀರು ತುಂಬಿದರು. ಎರಡು ವರ್ಷದ ಹಿಂದೆ ತೊಗರಿ ರಾಶಿ ಮಾಡುವಾಗ ಇಂಜಿನ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತು. ಹುಮನಾಬಾದ್ ರಸ್ತೆಯ ಒಂದು ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿದರು. ಮಿಸ್ತ್ರಿ ಒಂದು ಲೈನರ್, ಅಂದರೆ ಪಿಸ್ಟನ್ ಓಡಾಡುವ ಕಬ್ಬಿಣದ ಕೊಳವೆ ಹೊರಗೆ ತೆಗೆದು, ಅದರೊಳಗೆ ಬಲ್ಬ್ ಇಳಿಸಿ ತಿರುಗಿಸಿದ. ಒಂದು ಕಡೆ ಸೂಜಿಮೊನೆಯಷ್ಟು ಬೆಳಕು ಕಂಡಿತು. ಕಬ್ಬಿಣದಲ್ಲಿ ತೂತು! ಅದರ ಸುತ್ತ ಸಿಡುಬಿನ ಕಲೆಗಳ ಹಾಗೆ ನೂರಾರು ಗುಳಿಗಳು. ಎಲ್ಲವೂ ಒಂದೇ ಪಕ್ಕಕ್ಕೆ, ಒಂದು ಪಟ್ಟಿಯ ಹಾಗೆ.

"ಕೂಲಂಟ್ ಹಾಕಿದ್ನಲ್ಲಪ್ಪ, ಮತ್ಯಾಕ ಹಿಂಗಾಯ್ತು?" ಅಂದರು ಕಾಕಾ.

"ತುಕ್ಕಲ್ರಿ ಕಾಕಾ ಇದು. ನೀರಿನ ಗುಳ್ಳಿ ಕೊರದಾವ," ಅಂದ ಮಿಸ್ತ್ರಿ.

ನೀರಿನ ಗುಳ್ಳೆ ಕಬ್ಬಿಣ ಕೊರೆಯುತ್ತದೆಯೇ ಅಂತ ನನಗೂ ಆಗ ನಂಬಿಕೆ ಬರಲಿಲ್ಲ. ಕೊರೆಯುತ್ತದೆ. ಡೀಸೆಲ್ ಗಾಡಿಗೆ ಕೂಲಂಟ್ ಆರಿಸುವಾಗ ಪೆಟ್ರೋಲ್ ಗಾಡಿಗಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದದ್ದು ಈ ಗುಳ್ಳೆಯಿಂದಾಗಿಯೇ. ಅಲ್ಲಿಗೆ ಬರುವ ಮುಂಚೆ ಕೂಲಂಟ್ ಅಂದರೆ ಏನು ಅನ್ನುವುದನ್ನು ನೋಡಿಬಿಡೋಣ.

ಹೆಸರು ಕೇಳಿದರೆ ಏನೋ ತಣ್ಣಗೆ ಮಾಡುವ ಔಷಧ ಅನಿಸುತ್ತದೆ. ಅಸಲಿಗೆ ತಂಪು ಮಾಡುವ ಕೆಲಸ ನೀರಿನದ್ದೇ. ಶಾಖ ಹೊರುವುದರಲ್ಲಿ ನೀರಿಗೆ ಸಾಟಿ ಇಲ್ಲ. ಕೂಲಂಟ್ ಡಬ್ಬಿಯಲ್ಲಿ ಇರುವುದು ಎಥಿಲಿನ್ ಗ್ಲೈಕಾಲ್ ಎಂಬ ದ್ರವ, ಜೊತೆಗೆ ಸ್ವಲ್ಪ ರಕ್ಷಕ ರಾಸಾಯನಿಕಗಳು. ಗ್ಲೈಕಾಲ್ ಸೇರಿಸಿದರೆ ಶಾಖ ಹೊರುವ ಶಕ್ತಿ ಸ್ವಲ್ಪ ಕಡಿಮೆಯೇ ಆಗುತ್ತದೆ. ಹಾಗಾದರೆ ಯಾಕೆ ಹಾಕಬೇಕು? ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲಿ ಅಂತ. ನೀರು, ಗ್ಲೈಕಾಲ್ ಸಮಸಮ ಬೆರೆಸಿದರೆ ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಬೀದರಿನ ಡಿಸೆಂಬರ್ ಎಷ್ಟೇ ಕೊರೆದರೂ ನಮಗೆ ಅದು ಬೇಕಿಲ್ಲ. ನಮಗೆ ಬೇಕಾದದ್ದು ಇನ್ನೆರಡು ಗುಣ. ಒಂದು, ಕುದಿಯುವ ಬಿಂದು ಮೇಲೇರುತ್ತದೆ. ಸಮಸಮ ಬೆರಕೆ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಇನ್ನೊಂದು, ಆ ರಕ್ಷಕ ರಾಸಾಯನಿಕಗಳು.

ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿ ಮುಟ್ಟುವ ಮೊದಲೇ, ಒಂದೂವರೆ ಡಿಗ್ರಿ ಹಿಂದೆಯೇ ಕುದಿಯುತ್ತದೆ. ಇಂಜಿನ್ ಓಡುವುದೇ 85-95 ಡಿಗ್ರಿಯಲ್ಲಿ. ಅಂತರ ಎಷ್ಟು ಕಿರಿದು ನೋಡಿ. ಇದನ್ನು ಕಾಯುವುದು ರೇಡಿಯೇಟರ್ ಮುಚ್ಚಳ. ಅದು ಸುಮ್ನೆ ಮುಚ್ಚಳ ಅಲ್ಲ, ಪ್ರೆಶರ್ ಕುಕ್ಕರಿನ ಸೀಟಿ ಇದ್ದ ಹಾಗೆ. ಒಳಗೆ ಹೊರಗಿನ ಗಾಳಿಗಿಂತ ಸುಮಾರು ಒಂದು ಬಾರ್ ಹೆಚ್ಚು ಒತ್ತಡ ಹಿಡಿದರೆ ಬರೀ ನೀರು ಕೂಡ 120 ಡಿಗ್ರಿವರೆಗೆ ಕುದಿಯುವುದಿಲ್ಲ. ಬೆರಕೆಯಾದರೆ ಇನ್ನೂ ಏಳೆಂಟು ಡಿಗ್ರಿ ಮೇಲೆ. ಅಂದರೆ ಕುದಿತ ತಡೆಯುವುದರಲ್ಲಿ ಕೂಲಂಟಿಗಿಂತ ಮುಚ್ಚಳದ್ದೇ ದೊಡ್ಡ ಪಾಲು. ರಬ್ಬರ್ ಸೀಲು ಸವೆದ ಮುಚ್ಚಳ ಇಟ್ಟುಕೊಂಡು ದುಬಾರಿ ಕೂಲಂಟ್ ಹಾಕಿಸುವವರನ್ನು ನೋಡಿದಾಗಲೆಲ್ಲ ನನಗೆ ವಾಷರ್ ಇಲ್ಲದ ಕುಕ್ಕರ್ ನೆನಪಾಗುತ್ತದೆ.

ಬೇಸಿಗೆಯ ಲೆಕ್ಕ ಇನ್ನೊಂದಿದೆ. ರೇಡಿಯೇಟರ್ ಶಾಖ ಬಿಡುವುದು ಗಾಳಿಗೆ. ಒಳಗಿನ ನೀರು 95 ಡಿಗ್ರಿ, ಹೊರಗಿನ ಗಾಳಿ 25 ಡಿಗ್ರಿ ಇದ್ದರೆ ನಡುವಿನ ಅಂತರ 70. ಮೇ ತಿಂಗಳಲ್ಲಿ ನಮ್ಮ ಗಾಳಿಯೇ 44 ಡಿಗ್ರಿ. ಆಗ ಅಂತರ 51 ಮಾತ್ರ. ಹೆಚ್ಚೂಕಡಿಮೆ ರೇಡಿಯೇಟರಿನ ಕಾಲು ಭಾಗ ಕತ್ತರಿಸಿ ತೆಗೆದಷ್ಟೇ ಆಯಿತು. ಉಳಿದ ಮುಕ್ಕಾಲು ಭಾಗದ ಕೊಳವೆಗಳಲ್ಲಿ ಆ ಬಚ್ಚಲ ಕಾಯಿಲಿನ ಬಿಳಿ ಪೊರೆ ಕೂತಿದ್ದರೆ? ಗಾಡಿ ಹೀಟ್ ಆಗದೆ ಇನ್ನೇನಾದೀತು!

ಈಗ ಗುಳ್ಳೆಯ ವಿಷಯ. ಡೀಸೆಲ್ ಇಂಜಿನಿನಲ್ಲಿ ಉರಿಯುವ ಹೊಡೆತ ಜೋರು. ಪಿಸ್ಟನ್ ಮೇಲೆ ಕೆಳಗೆ ಓಡಾಡುವಾಗ ಪಕ್ಕಕ್ಕೂ ಒದೆಯುತ್ತದೆ. ಟ್ರಾಕ್ಟರ್, ಲಾರಿ, ಟಿಪ್ಪರ್‌ಗಳಲ್ಲಿ ಬಹುಪಾಲು ಇರುವುದು ವೆಟ್ ಲೈನರ್. ಅಂದರೆ ಪಿಸ್ಟನ್ ಓಡಾಡುವ ಕೊಳವೆಯ ಹೊರಮೈಗೆ ನೇರವಾಗಿ ನೀರು ತಾಗಿರುತ್ತದೆ. ಪಿಸ್ಟನ್ ಒದ್ದಾಗ ಲೈನರ್ ಗಂಟೆಯ ಹಾಗೆ ಕಂಪಿಸುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ, ಆದರೆ ಸೆಕೆಂಡಿಗೆ ನೂರಾರು ಸಲ. ಅದು ಒಳಕ್ಕೆ ಸರಿದ ಕ್ಷಣ ಅದರ ಬೆನ್ನಿಗಿದ್ದ ನೀರಿನ ಒತ್ತಡ ಕುಸಿಯುತ್ತದೆ. ಸಣ್ಣ ಆವಿ ಗುಳ್ಳೆ ಹುಟ್ಟುತ್ತದೆ. ಲೈನರ್ ಹೊರಕ್ಕೆ ಮರಳಿದಾಗ ಗುಳ್ಳೆ ಒಡೆಯುತ್ತದೆ. ಒಡೆಯುವಾಗ ನೀರು ಮೊನಚಾಗಿ ಬಂದು ಲೋಹಕ್ಕೆ ಗುದ್ದುತ್ತದೆ. ಒಂದು ಗುದ್ದಿಗೆ ಏನೂ ಆಗುವುದಿಲ್ಲ. ಕೋಟಿಗಟ್ಟಲೆ ಬಿದ್ದರೆ? ಮಿಸ್ತ್ರಿ ತೋರಿಸಿದ ಗುಳಿಗಳು ಒಂದೇ ಪಕ್ಕಕ್ಕೆ ಇದ್ದದ್ದೂ ಇದಕ್ಕೇ, ಪಿಸ್ಟನ್ ಒದೆಯುವ ಪಕ್ಕ ಅದು.

ಇದನ್ನು ತಡೆಯುವುದು ಕೂಲಂಟಿನಲ್ಲಿರುವ ರಾಸಾಯನಿಕ. ಹೆವಿ ಡ್ಯೂಟಿ, ಅಂದರೆ ಲಾರಿ, ಟ್ರಾಕ್ಟರಿನಂಥ ಭಾರಿ ಇಂಜಿನ್‌ಗಳ ಕೂಲಂಟುಗಳಲ್ಲಿ ಹೆಚ್ಚಾಗಿ ನೈಟ್ರೈಟ್ ಎಂಬ ಲವಣ ಇರುತ್ತದೆ. ಅದು ಲೈನರಿನ ಮೇಲೆ ತೆಳುವಾದ ಗಟ್ಟಿ ಪದರ ಕಟ್ಟುತ್ತದೆ. ಗುಳ್ಳೆ ಒಡೆದಾಗ ಹೋಗುವುದು ಆ ಪದರ, ಕಬ್ಬಿಣ ಅಲ್ಲ. ಪದರ ಹರಿದ ಕಡೆ ಮತ್ತೆ ಕಟ್ಟಿಕೊಳ್ಳುತ್ತದೆ. ಹೀಗೆ ಕಟ್ಟುತ್ತಾ ಕಟ್ಟುತ್ತಾ ನೈಟ್ರೈಟ್ ಖರ್ಚಾಗುತ್ತದೆ. ಅದಕ್ಕೇ ಕೂಲಂಟ್ ನೋಡಲು ಹೊಸದರ ಹಾಗೆ ಹಸಿರಾಗಿ ಹೊಳೆಯುತ್ತಿದ್ದರೂ ಒಳಗೆ ದಮ್ಮು ಇರುವುದಿಲ್ಲ. ಕಾಕಾರ ಟ್ರಾಕ್ಟರಿನಲ್ಲಿ ಬಣ್ಣ ಇತ್ತು, ಮದ್ದು ಇರಲಿಲ್ಲ. ಹಾಕಿದ್ದೇ ಒಂದು ಲೀಟರ್. ಅದೂ ಪೆಟ್ರೋಲ್ ಕಾರಿಗೆ ಮಾಡಿದ ಸಾಮಾನು.

ಬಣ್ಣದ ಮಾತು ಇಲ್ಲಿಗೇ ಮುಗಿಸಿಬಿಡುತ್ತೇನೆ. ಹಸಿರು, ಕೆಂಪು, ನೀಲಿ, ಗುಲಾಬಿ ಎಲ್ಲವೂ ಕಂಪನಿ ಬೆರೆಸಿದ ಬಣ್ಣ ಅಷ್ಟೇ. ಇಂಥ ಜಾತಿಗೆ ಇಂಥದೇ ಬಣ್ಣ ಅಂತ ಎಲ್ಲರೂ ಒಪ್ಪಿದ ನಿಯಮ ಇಲ್ಲ. ಒಂದು ಕಂಪನಿಯ ಹಸಿರು, ಇನ್ನೊಂದರ ಹಸಿರು ಬೇರೆ ಬೇರೆ ಜಾತಿಯವು ಆಗಿರಬಹುದು. "ಹಸಿರ್ದು ಒಂದು ಲೀಟರ್ ಕೊಡ್ರಿ" ಅಂತ ಅಂಗಡಿಯಲ್ಲಿ ಕೇಳುವುದು, ಔಷಧದ ಅಂಗಡಿಗೆ ಹೋಗಿ "ಬಿಳಿ ಗುಳಿಗೆ ಕೊಡ್ರಿ" ಅಂದ ಹಾಗೆ.

ಹಾಗಾದರೆ ಜಾತಿಗಳು ಯಾವುವು? ಹಳೇ ಪದ್ಧತಿಯದು ಒಂದು, ಅದನ್ನು ಐಎಟಿ ಅನ್ನುತ್ತಾರೆ. ಸಿಲಿಕೇಟ್, ಫಾಸ್ಫೇಟಿನಂಥ ಲವಣಗಳು ಇದರಲ್ಲಿ ಇರುತ್ತವೆ. ಬೇಗ ಪದರ ಕಟ್ಟುತ್ತದೆ, ಬೇಗ ಖರ್ಚಾಗುತ್ತದೆ. ಹೆಚ್ಚೆಂದರೆ ಎರಡು ವರ್ಷ. ಎರಡನೆಯದು ಓಎಟಿ, ಅಂದರೆ ಸಾವಯವ ಆಮ್ಲಗಳದು. ಎಲ್ಲ ಕಡೆ ಪದರ ಕಟ್ಟದೆ, ಎಲ್ಲಿ ತುಕ್ಕು ಶುರುವಾಗುತ್ತದೋ ಅಲ್ಲಿಗೆ ಹೋಗಿ ಕೂರುತ್ತದೆ. ಹಾಗಾಗಿ ನಿಧಾನಕ್ಕೆ ಖರ್ಚಾಗುತ್ತದೆ, ಐದು ವರ್ಷ ಬಾಳುವುದುಂಟು. ಎರಡನ್ನೂ ಬೆರೆಸಿದ್ದು ಹೆಚ್‌ಓಎಟಿ. ಓಎಟಿಗೆ ನೈಟ್ರೈಟ್ ಸೇರಿಸಿದ್ದು ಎನ್‌ಓಎಟಿ. ಇದು ದೊಡ್ಡ ಡೀಸೆಲ್ ಇಂಜಿನ್‌ಗಳಿಗೆ. ಈ ನಾಲ್ಕು ಹೆಸರು ಬಾಯಿಪಾಠ ಆಗದಿದ್ದರೂ ನಡೆಯುತ್ತದೆ.

ನೋಡಬೇಕಾದದ್ದು ಡಬ್ಬಿಯ ಹಿಂಭಾಗದ ಸಣ್ಣಕ್ಷರ. ಅದಕ್ಕೂ ಮೊದಲು ಗಾಡಿಯ ಜೊತೆ ಬಂದ ಪುಸ್ತಕ. ಅದರಲ್ಲಿ ಕೂಲಂಟಿನ ನಮೂನೆ, ಎಷ್ಟು ಲೀಟರ್, ಎಷ್ಟು ದಿನಕ್ಕೆ ಬದಲಿಸಬೇಕು ಅನ್ನುವುದು ಬರೆದಿರುತ್ತದೆ. ಟ್ರಾಕ್ಟರ್ ಆದರೆ ಕಿಲೋಮೀಟರ್ ಬದಲು ಗಂಟೆ ಲೆಕ್ಕ. ಡಬ್ಬಿಯ ಮೇಲೆ ಐಎಸ್ 5759 ಅಂತ ಇದ್ದರೆ ಅದು ನಮ್ಮ ದೇಶದ ಮಾನದಂಡ. ಜೆಐಎಸ್ ಕೆ 2234 ಅಂದರೆ ಜಪಾನಿನದು. ಎಎಸ್‌ಟಿಎಂ ಡಿ 3306 ಅಂದರೆ ಅಮೆರಿಕದ್ದು, ಕಾರು ಮತ್ತು ಸಣ್ಣ ಗಾಡಿಗಳಿಗೆ. ಡೀಸೆಲಿನವರು ನೆನಪಿಡಬೇಕಾದ ಸಂಖ್ಯೆ ಎಎಸ್‌ಟಿಎಂ ಡಿ 6210. ಇದು ಹೆವಿ ಡ್ಯೂಟಿ ಇಂಜಿನ್‌ಗೆ ಪೂರ್ತಿ ತಯಾರಾದ ಕೂಲಂಟ್ ಅನ್ನುವ ಗುರುತು, ಲೈನರ್ ಗುಳಿಯ ರಕ್ಷಣೆಯೂ ಅದರಲ್ಲಿ ಸೇರಿದೆ. ಡಿ 4985 ಅಂತ ಇದ್ದರೆ ಅದೂ ಹೆವಿ ಡ್ಯೂಟಿಯೇ, ಆದರೆ ಮೇಲಿಂದ ಬೇರೆ ರಕ್ಷಕ ದ್ರವ ಹಾಕಲೇಬೇಕು. ಅದನ್ನು ಓದದೆ ತಂದರೆ ಅರ್ಧ ಔಷಧ ತಂದ ಹಾಗೆ.

ನನ್ನ ಕೇಳಿದರೆ ಹೀಗೆ ಹೇಳುತ್ತೇನೆ. ನಿಮ್ಮದು ಡೀಸೆಲ್ ಕಾರೋ ಜೀಪೋ ಆಗಿದ್ದರೆ, ಕಂಪನಿ ಹೇಳಿದ ನಮೂನೆ ಹಾಕಿ, ಜಾಸ್ತಿ ಯೋಚನೆ ಬೇಡ. ಅವುಗಳಲ್ಲಿ ಬಹುಪಾಲು ವೆಟ್ ಲೈನರ್ ಇರುವುದಿಲ್ಲ. ಬದಲಿಗೆ ಅಲ್ಯೂಮಿನಿಯಂ ಭಾಗ ಜಾಸ್ತಿ, ಅದಕ್ಕೆ ಓಎಟಿ ಜಾತಿಯದು ಹೊಂದುತ್ತದೆ. "ಲಾರಿಗೆ ಹಾಕೋದು ಸ್ಟ್ರಾಂಗ್ ಇರ್ತದ" ಅಂತ ನೈಟ್ರೈಟ್ ಇರುವುದನ್ನು ಕಾರಿಗೆ ತಂದು ಸುರಿಯಬೇಡಿ. ಟ್ರಾಕ್ಟರ್, ಟಿಪ್ಪರ್, ಲಾರಿ ಇದ್ದರೆ ಹೆವಿ ಡ್ಯೂಟಿ ಡಬ್ಬಿಯೇ ಬೇಕು, ನಾಲ್ಕು ಕಾಸು ಜಾಸ್ತಿಯಾದರೂ.

ಬಿಎಸ್ 6, ಅಂದರೆ ಹೊಗೆ ಮಿತಿಯ ಹೊಸ ನಿಯಮಕ್ಕೆ ತಕ್ಕ ಗಾಡಿ ಇರುವವರಿಗೆ ಒಂದು ಮಾತು. 2020ರ ಏಪ್ರಿಲಿನಿಂದ ಬಂದ ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಇಜಿಆರ್ ಕೂಲರ್ ಇರುತ್ತದೆ. ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆಯಲ್ಲಿ ಒಂದಿಷ್ಟನ್ನು ತಿರುಗಿ ಇಂಜಿನ್‌ಗೆ ಕಳಿಸುವ ವ್ಯವಸ್ಥೆ ಇದು. ನೂರಾರು ಡಿಗ್ರಿಯ ಆ ಹೊಗೆಯನ್ನು ತಣಿಸುವ ಕೆಲಸವೂ ಕೂಲಂಟಿನ ಮೇಲೇ ಬಿತ್ತು. ನೀರು ಕೆಟ್ಟಿದ್ದರೆ ಮೊದಲು ಸುಣ್ಣ ಕಟ್ಟುವ ಜಾಗಗಳಲ್ಲಿ ಇದೂ ಒಂದು. ಇದು ಸೋರಿದರೆ ಗಾಡಿಯ ಕೆಳಗೆ ಒಂದು ಹನಿಯೂ ಬೀಳುವುದಿಲ್ಲ. ಕೂಲಂಟ್ ಮಾತ್ರ ಕಮ್ಮಿಯಾಗುತ್ತಾ ಹೋಗುತ್ತದೆ, ಬಿಳಿ ಹೊಗೆ ಬರುತ್ತದೆ. ಇನ್ನೊಂದು, ಈ ಗಾಡಿಗಳಲ್ಲಿ ಹಲವಕ್ಕೆ ಡಿಇಎಫ್ ಅಂತ ಬೇರೊಂದು ದ್ರವ ತುಂಬಿಸಬೇಕಾಗುತ್ತದೆ. ಅದು ಯೂರಿಯಾ ನೀರು. ಅದರ ಬಾಯಿಯೇ ಬೇರೆ, ಕೂಲಂಟಿನ ಬಾಯಿಯೇ ಬೇರೆ. ಡಬ್ಬಿ ಅದಲು ಬದಲಾದರೆ ಎರಡೂ ಕಡೆ ದೊಡ್ಡ ಖರ್ಚು.

ಇನ್ನು ನೀರು. ಡಬ್ಬಿ ಎರಡು ಥರ ಬರುತ್ತದೆ. ಒಂದು ನೇರವಾಗಿ ಸುರಿಯುವುದು, ಅದರಲ್ಲಿ ನೀರು ಸೇರಿಸಿಯೇ ಕೊಟ್ಟಿರುತ್ತಾರೆ. ಇನ್ನೊಂದು ಕಾನ್ಸಂಟ್ರೇಟ್, ಗಟ್ಟಿಯದು. ಅದಕ್ಕೆ ನಾವು ನೀರು ಬೆರೆಸಬೇಕು. ಇಲ್ಲಿ ಜನ ಎರಡು ಕಡೆಯಿಂದಲೂ ತಪ್ಪುತ್ತಾರೆ. ರೆಡಿ ಇರುವುದಕ್ಕೆ ಮತ್ತೆ ನೀರು ಹಾಕಿ ಸಪ್ಪೆ ಮಾಡುವವರು ಕೆಲವರು. "ಜಾಸ್ತಿ ಹಾಕಿದ್ರ ಜಾಸ್ತಿ ತಂಪು" ಅಂತ ಗಟ್ಟಿಯದನ್ನೇ ಪೂರ್ತಿ ತುಂಬುವವರು ಇನ್ನು ಕೆಲವರು. ಆಗಲೇ ಹೇಳಿದೆನಲ್ಲ, ತಂಪು ಮಾಡುವುದು ನೀರು. ಬರೀ ಗ್ಲೈಕಾಲ್ ತುಂಬಿದರೆ ಇಂಜಿನ್ ಇನ್ನೂ ಬಿಸಿಯಾಗುತ್ತದೆ. ಸಾಮಾನ್ಯವಾಗಿ ಸಮಸಮ ಬೆರಕೆ ಸರಿ. ಕೆಲವು ಡಬ್ಬಿಗಳಲ್ಲಿ ಒಂದಕ್ಕೆ ಮೂರು ಪಾಲು ನೀರು ಅಂತ ಬರೆದಿರುತ್ತದೆ. ಡಬ್ಬಿ ಹೇಳಿದ್ದನ್ನೇ ಪಾಲಿಸಿ, ಯಾಕೆಂದರೆ ರಕ್ಷಕ ರಾಸಾಯನಿಕದ ಲೆಕ್ಕ ಅದರ ಮೇಲೆ ನಿಂತಿದೆ.

ಬೆರೆಸುವ ನೀರು ಮಾತ್ರ ಡಿಸ್ಟಿಲ್ಡ್ ಅಥವಾ ಡಿಎಂ (ಲವಣ ತೆಗೆದ) ನೀರೇ ಆಗಬೇಕು. ನಮ್ಮ ಬೋರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡು ಸಲ ಕೆಡಿಸುತ್ತವೆ. ಬಿಸಿಯಾದ ಕಡೆ ಸುಣ್ಣವಾಗಿ ಕೂರುತ್ತವೆ. ಜೊತೆಗೆ ಕೂಲಂಟಿನ ಫಾಸ್ಫೇಟ್, ಸಿಲಿಕೇಟಿನ ಜೊತೆ ಸೇರಿ ಗಸಿಯಾಗಿ ತಳಕ್ಕೆ ಇಳಿಯುತ್ತವೆ. ಅಂದರೆ ಹಣ ಕೊಟ್ಟು ತಂದ ಮದ್ದನ್ನು ನೀರೇ ತಿಂದುಹಾಕುತ್ತದೆ. ಮನೆಯ ಫಿಲ್ಟರ್ ನೀರು ಬೋರ್ ನೀರಿಗಿಂತ ವಾಸಿ, ಆದರೆ ಅದರಲ್ಲೂ ಲವಣ ಉಳಿದಿರುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಐದು ಲೀಟರ್ ಕ್ಯಾನ್ ಸಿಗುತ್ತದೆ, ಬ್ಯಾಟರಿ ನೀರು ಅಂತ ಕೇಳಿ. ಆಸಿಡ್ ಅಲ್ಲ, ನೀರು! ಹತ್ತಿರ ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಅದ್ದಿ ನೋಡಿ. ಸೊನ್ನೆಯ ಆಸುಪಾಸು ಇರಬೇಕು. ನೂರಾರು ತೋರಿಸಿದರೆ ಅದು ನಲ್ಲಿ ನೀರು, ಲೇಬಲ್ ಮಾತ್ರ ಬ್ಯಾಟರಿಯದು.

ಬದಲಿಸುವಾಗ ಎಲ್ಲರೂ ಎಡವುವ ಲೆಕ್ಕ ಒಂದಿದೆ. ಗಾಡಿಯ ಒಟ್ಟು ಅಳತೆ 8 ಲೀಟರ್ ಅಂದುಕೊಳ್ಳಿ. ಕೆಳಗಿನ ನಲ್ಲಿ ಬಿಚ್ಚಿದರೆ 8 ಲೀಟರ್ ಬರುವುದಿಲ್ಲ, 5 ಬರುತ್ತದೆ. ಉಳಿದ 3 ಲೀಟರ್ ಇಂಜಿನ್ ಬ್ಲಾಕಿನೊಳಗೆ ಕೂತಿರುತ್ತದೆ. ನೀವು ಎರಡು ಮೂರು ಸಲ ಬ್ಯಾಟರಿ ನೀರು ತುಂಬಿ, ಇಂಜಿನ್ ಓಡಿಸಿ, ಬಿಟ್ಟು ತೊಳೆದಿರಿ. ಈಗ ಒಳಗಿರುವ 3 ಲೀಟರ್ ಬರೀ ನೀರು. ಅದರ ಮೇಲೆ 5 ಲೀಟರ್ ರೆಡಿ ಬೆರಕೆ ಸುರಿದರೆ? ಅದರಲ್ಲಿ ಗಟ್ಟಿ ಪಾಲು ಎರಡೂವರೆ ಲೀಟರ್. ಎಂಟರಲ್ಲಿ ಎರಡೂವರೆ, ಅಂದರೆ ನೂರಕ್ಕೆ 31. ಅರ್ಧಕ್ಕರ್ಧ ಅಂದುಕೊಂಡದ್ದು ಮೂರನೇ ಒಂದು ಭಾಗವೂ ಆಗಲಿಲ್ಲ. ಅದಕ್ಕೇ ತೊಳೆದ ಮೇಲೆ ಗಟ್ಟಿಯದನ್ನು ಕೊಳ್ಳುವುದು ಲೇಸು. ಮೊದಲು 4 ಲೀಟರ್ ಕಾನ್ಸಂಟ್ರೇಟ್, ಆಮೇಲೆ ಹಿಡಿಸುವಷ್ಟು ಬ್ಯಾಟರಿ ನೀರು. ಲೆಕ್ಕ ತಾನಾಗೇ ಸಮ ಆಗುತ್ತದೆ. ಕೊನೆಗೆ ಮುಚ್ಚಳ ತೆಗೆದಿಟ್ಟು ಸ್ವಲ್ಪ ಹೊತ್ತು ಓಡಿಸಿ ಗಾಳಿ ಹೊರಹಾಕಿ. ಕಾರಾದರೆ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿಡಿ, ಅಲ್ಲಿನ ಕೊಳವೆಯಲ್ಲೂ ಗಾಳಿ ಅಡಗಿರುತ್ತದೆ.

ಹಳೆಯದು ಯಾವ ಜಾತಿ ಅಂತ ಗೊತ್ತಿಲ್ಲದಿದ್ದರೆ ಅದರ ಮೇಲೇ ಹೊಸದನ್ನು ಸುರಿಯಬೇಡಿ. ಕೆಲವು ಜಾತಿಗಳು ಬೆರೆತರೆ ಲೋಳೆಯಾಗುತ್ತವೆ. ಬೆರೆತು ಲೋಳೆಯಾಗದಿದ್ದರೂ ಐದು ವರ್ಷದ್ದರ ಆಯಸ್ಸು ಎರಡು ವರ್ಷಕ್ಕೆ ಇಳಿಯುತ್ತದೆ. ದಾರಿಯಲ್ಲಿ ಕಮ್ಮಿಯಾಗಿ ಬೇರೆ ಗತಿ ಇಲ್ಲದಿದ್ದರೆ ಸ್ವಲ್ಪ ನೀರು ಹಾಕಿಕೊಂಡು ಮನೆ ಸೇರಿ. ಅದು ತಪ್ಪಲ್ಲ. ಅದನ್ನೇ ವರ್ಷಗಟ್ಟಲೆ ಮುಂದುವರಿಸುವುದು ತಪ್ಪು.

ಬೇಸಿಗೆ ಬಂದರೆ ನಮ್ಮ ಕಡೆ ಒಂದು ಚಾಳಿ ಇದೆ. ಇಂಜಿನ್ ಕಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟಾಟ್ ವಾಲ್ವ್ ಕಿತ್ತು ಎಸೆಯುವುದು. "ನೀರು ಫ್ರೀ ಓಡಾಡ್ಲಿ ಬಿಡ್ರಿ" ಅನ್ನುತ್ತಾರೆ. ಅದು ಮುಚ್ಚಿರುವುದು ಇಂಜಿನ್ ತಣ್ಣಗಿದ್ದಾಗ ಮಾತ್ರ. 80-90 ಡಿಗ್ರಿ ದಾಟಿದ ಮೇಲೆ ಅದು ತೆರೆದೇ ಇರುತ್ತದೆ. ಕಿತ್ತರೆ ಬೆಳಿಗ್ಗೆ ಇಂಜಿನ್ ಕಾಯಲು ತಡ, ಡೀಸೆಲ್ ಜಾಸ್ತಿ, ಸವೆತ ಜಾಸ್ತಿ. ಕೆಲವು ಇಂಜಿನ್‌ಗಳಲ್ಲಂತೂ ನೀರು ರೇಡಿಯೇಟರ್ ತಪ್ಪಿಸಿ ಅಡ್ಡದಾರಿಯಲ್ಲೇ ತಿರುಗಿ ಇನ್ನೂ ಹೀಟ್ ಆಗುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ. ರಾಶಿ ಸಮಯದಲ್ಲಿ ಟ್ರಾಕ್ಟರ್ ಹೀಟ್ ಆದರೆ ಮೊದಲು ರೇಡಿಯೇಟರಿನ ಜಾಲಿ ನೋಡಿ. ನಿಂತಲ್ಲೇ ಮಷಿನ್ ಓಡಿಸುವಾಗ ತೊಗರಿ ಹೊಟ್ಟು ಕಂಬಳಿಯ ಹಾಗೆ ಅಂಟಿಕೊಂಡಿರುತ್ತದೆ. ಅದಕ್ಕೆ ಯಾವ ಕೂಲಂಟೂ ಮದ್ದಲ್ಲ. ಫ್ಯಾನ್ ಕಡೆಯಿಂದ ಹೊರಕ್ಕೆ ಗಾಳಿ ಹೊಡೆದರೆ ಉದುರುತ್ತದೆ.

ಹೀಟ್ ಆದ ಗಾಡಿಯ ಮುಚ್ಚಳವನ್ನು ಕೂಡಲೇ ತೆಗೆಯಬೇಡಿ. ಒಳಗಿರುವುದು 100 ಡಿಗ್ರಿ ದಾಟಿದ, ಒತ್ತಡದಲ್ಲಿರುವ ನೀರು. ಮುಚ್ಚಳ ಸಡಿಲಿಸಿದ ಕ್ಷಣ ಅದು ಆವಿಯಾಗಿ ಮುಖಕ್ಕೇ ಬರುತ್ತದೆ. ಮೇಲಿನ ಹೋಸ್ ಪೈಪ್ ಕೈಯಲ್ಲಿ ಹಿಚುಕುವಷ್ಟು ತಣ್ಣಗಾಗಲಿ. ಆಮೇಲೂ ಬಟ್ಟೆ ಹಾಕಿಯೇ ತಿರುಗಿಸಿ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ತೆಗೆದ ಹಳೇ ಕೂಲಂಟನ್ನು ಏನು ಮಾಡುತ್ತೀರಿ? ನಮ್ಮಲ್ಲಿ ಸಾಮಾನ್ಯವಾಗಿ ಅಂಗಳದಲ್ಲೇ ಬಿಡುತ್ತೇವೆ. ಎಥಿಲಿನ್ ಗ್ಲೈಕಾಲ್ ವಿಷ, ಮತ್ತು ಅದು ಸಿಹಿ. ನಾಯಿ ನೆಕ್ಕುತ್ತದೆ, ಕರು ಕುಡಿಯುತ್ತದೆ, ಮಕ್ಕಳು ಬಣ್ಣ ನೋಡಿ ಶರಬತ್ತು ಅಂದುಕೊಳ್ಳುತ್ತಾರೆ. ಸ್ವಲ್ಪವೇ ಹೋದರೂ ಕಿಡ್ನಿ ಹಾಳು ಮಾಡುತ್ತದೆ. ಮುಚ್ಚಳ ಇರುವ ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೇ ಕೊಟ್ಟುಬಿಡಿ. ಕಾಕಾ ಲೈನರ್ ಕಿಟ್ ಹಾಕಿಸಿ ಬಂದ ದಿನ ಉಳಿದ ಅರ್ಧ ಡಬ್ಬಿಯನ್ನು ದನದ ಕೊಟ್ಟಿಗೆಯ ಗೂಡಿನಲ್ಲಿ ಇಟ್ಟಿದ್ದರು. ಕಾಕು ಅದನ್ನು ನೋಡಿ ಮಾತಾಡದೆ ಎತ್ತಿ, ಅಟ್ಟದ ಮೇಲೆ ಇಲಿ ಪಾಷಾಣದ ಪಕ್ಕಕ್ಕೆ ಇಟ್ಟು ಬಂದರು.